ಬುಡನ್ ಸಾಬರ ಹೆಸರಿನ ಮೇಲಿನ ಗೆರೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ 'ಅಂಜನ್ ಗ್ರಾಫಿಕ್ಸ್' ಬೋರ್ಡಿನ ಕೊನೆಯ ಸಾಲು ಹೀಗಿದೆ: 'ಇಲ್ಲಿ ಉರ್ದು, ಅರಬ್ಬಿ ಸೇರಿದಂತೆ ಸಕಲ ಭಾಷೆಗಳಲ್ಲಿ ಡಿ.ಟಿ.ಪಿ. ಮಾಡಿಕೊಡಲಾಗುವುದು.' ಈ ಸಾಲನ್ನು ಬರೆಸಿದ ದಿನ ಅಂಜನಕುಮಾರನಿಗೆ ಬರುತ್ತಿದ್ದ ಭಾಷೆ ಕನ್ನಡವೊಂದೇ. ಅದರಲ್ಲೂ ಮಹಾಪ್ರಾಣ ಎದುರಾದರೆ ಅವನು ಗಿರಾಕಿಯ ಮುಖ ನೋಡುತ್ತಿದ್ದ. ಆದರೆ ಬೋರ್ಡಿನ ತಳದಲ್ಲಿ ಜಾಗ ಉಳಿದಿತ್ತು, ಜಾಗ ಖಾಲಿ ಬಿಟ್ಟರೆ ಅಂಗಡಿ ಸೊರಗಿದಂತೆ ಕಾಣುತ್ತದೆ ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು. ಹೀಗೆ ಜಾಗ ತುಂಬಿಸಲು ಆಡಿದ ಮಾತು ಮುಂದೊಂದು ದಿನ ಕುರ್ಚಿ ಎಳೆದುಕೊಂಡು ಎದುರು ಕೂರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಫ್ಲೆಕ್ಸ್ ಮಾಡುವವರಿಗೆ ಒಂದು ಶಾಸ್ತ್ರವಿದೆ. ಯಾರೂ ಅದನ್ನು ಕಲಿಸುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಬದುಕಿರುವ ಮನುಷ್ಯ ಫ್ಲೆಕ್ಸಿನಲ್ಲಿ ಒಂಟಿಯಾಗಿರುವುದಿಲ್ಲ. ಹುಟ್ಟುಹಬ್ಬ ಅವನದೇ ಆದರೂ ತಲೆಯ ಮೇಲೆ ನಾಯಕರ ಸಾಲು, ಎದೆಯ ಕೆಳಗೆ ಶುಭ ಕೋರುವವರ ಸಾಲು, ಮಗ್ಗುಲಲ್ಲಿ ಒಂದು ಸಿಂಹ. ಯಾರ ಸುತ್ತಮುತ್ತ ಯಾರೂ ಇಲ್ಲವೋ, ಬಯಲಿನ ನಡುವೆ ಹೆಸರೊಂದೇ ನಿಂತಿದೆಯೋ, ಆತ ತೀರಿಕೊಂಡಿದ್ದಾನೆ. ಅಂಥ ಒಂಟಿ ಹೆಸರು ಹಿಡಿದು ಬಂದವರನ್ನು ಏನೂ ಕೇಳಬಾರದು. ಕತ್ತನ್ನು ಸ್ವಲ್ಪ ಓರೆ ಮಾಡಿ, "ಛೆ" ಎಂದು ಕೆಲಸ ಹಿಡಿಯಬೇಕು. ಅಂಜನಕುಮಾರನ ಅಂಗಡಿ ನಡೆಯುತ್ತಿದ್ದುದೇ ಹೆಚ್ಚಾಗಿ ಶ್ರದ್ಧಾಂಜಲಿಗಳಿಂದ. ಅವನ ಕತ್ತು ಆಗಲೇ ಒಂದು ಕಡೆಗೆ ಓರೆಯಾಗಿ ನಿಂತುಬಿಟ್ಟಿತ್ತು.

ಹೀಗಿರುವಾಗ ಹರಿಹರದಿಂದ ಮೌಲಾ ಸಾಬ್ ಎಂಬಾತ ಒಂದು ಕಪ್ಪು ಗ್ರಾನೈಟ್ ಕಲ್ಲನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದ. ಮಲೆಬೆನ್ನೂರಿನ ಅಕ್ಕಿ ಗಿರಣಿಯಲ್ಲಿ ಅವನ ಕೆಲಸ. ತೌಡಿನ ದೂಳಿಗೆ ಅವನ ಕಣ್ಣುಗಳು ವರ್ಷವಿಡೀ ಕೆಂಪಗೆ ಸೋರುತ್ತಿರುತ್ತವೆ.

"ನಮ್ಮ ಅಪ್ಪಾಜಿ ಹೆಸರು ಕೆತ್ತಿಸ್ಬೇಕಿತ್ತು ಅಣ್ಣಾರೆ," ಎಂದು ಕಣ್ಣೊರೆಸಿಕೊಂಡ. "ಬುಡನ್ ಸಾಬ್ ಅಂತ. ಉರ್ದುದಾಗೆ."

"ಮತ್ತೇನೂ ಬ್ಯಾಡೇನ್ರಿ?"

"ಹೆಸರೊಂದೇ ಸಾಕು. ಹೆಸರಿನ ಮ್ಯಾಲೆ ಉದ್ದಕ್ಕೂ ಒಂದು ಗೆರೆ ಬರ್ಬೇಕು. ಅದು ಮುಖ್ಯ."

ಕಪ್ಪು ಕಲ್ಲು, ಒಂಟಿ ಹೆಸರು, ಒದ್ದೆ ಕಣ್ಣು. ಅಂಜನಕುಮಾರ ಕತ್ತನ್ನು ಇನ್ನಷ್ಟು ಓರೆ ಮಾಡಿದ. "ಛೆ," ಎಂದ.

ಓದುಗರಿಗೆ ನಾವು ಸುಳ್ಳು ಹೇಳುವುದಿಲ್ಲ. ಬುಡನ್ ಸಾಬರು ಆ ಹೊತ್ತಿನಲ್ಲಿ ಹರಿಹರದಲ್ಲಿ, ತಮ್ಮ ಹೊಸ ಮನೆಯ ಎದುರಿಗಿದ್ದ ಬೇವಿನ ಮರದ ಕೆಳಗೆ, ಹಗ್ಗದ ಮಂಚದ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ದರು. ಕಲ್ಲು ಆ ಮನೆಯ ಬಾಗಿಲ ಮೇಲೆ ಕೂರಬೇಕಾದದ್ದು. ಎಂದೋ ತೀರಿಕೊಂಡ ಅವರ ತಂದೆ ಒಂದು ಕಾಲಕ್ಕೆ ಊರಿನ ಉರ್ದು ಬೋರ್ಡುಗಳನ್ನೆಲ್ಲ ಕೈಯಿಂದ ಬರೆಯುತ್ತಿದ್ದವರು. ಯಾರ ಹೆಸರು ಬರೆದರೂ ಮೇಲೊಂದು ನೀಳ ಗೆರೆ ಎಳೆಯುವುದು ಅವರ ರೂಢಿ. ಬುಡನ್ ಸಾಬರು ಹುಟ್ಟಿದಾಗ ಹಳೆಯ ಮನೆಯ ಬಾಗಿಲ ಹಲಗೆಗೆ ಮಗನ ಹೆಸರು ಬರೆದು ಅದರ ಮೇಲೂ ಒಂದು ಗೆರೆ ಎಳೆದಿದ್ದರು. ಹಲಗೆಯನ್ನು ಗೆದ್ದಲು ತಿಂದಿತು, ಹಳೆಯ ಮನೆಯನ್ನು ಕೆಡವಿದರು. ಹೊಸ ಮನೆಗೆ ಹೆಂಡತಿ ಸುಗ್ರಾಬಿ, ಮಗ, ಸೊಸೆ ಎಲ್ಲರೂ ಹೋಗಿ ಒಲೆ ಹಚ್ಚಿಯಾಗಿತ್ತು. ಬುಡನ್ ಸಾಬರು ಮಾತ್ರ, ಅಪ್ಪ ಎಳೆದಂಥ ಗೆರೆಯ ಕೆಳಗೆ ತನ್ನ ಹೆಸರು ಬಾಗಿಲ ಮೇಲೆ ಕೂರುವ ತನಕ ಹೊಸಿಲು ದಾಟುವುದಿಲ್ಲ ಎಂದು ಮರದ ಕೆಳಗೆ ಮಂಚ ಹಾಕಿಸಿಕೊಂಡಿದ್ದರು. ಮಳೆಗಾಲ ಹತ್ತಿರವಾಗುತ್ತಿತ್ತು. ಸುಗ್ರಾಬಿ ದಿನವೂ ತಟ್ಟೆ ಹಿಡಿದು ಬೀದಿ ದಾಟುತ್ತ, "ಒಂದು ಗೆರಿಗೆ ಹೆದರಿ ಬೀದ್ಯಾಗೆ ಕುಂತ ಗಂಡಸು ಹರಿಹರದಾಗೆ ನೀವೊಬ್ರೇ ನೋಡ್ರಿ," ಎನ್ನುತ್ತಿದ್ದರು. ವಿಷಯ ಇಷ್ಟೇ.

ಅಂಜನಕುಮಾರನಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಇಂಟರ್‌ನೆಟ್ಟಿನ ಯಾವುದೋ ಮೂಲೆಯಿಂದ ಒಂದು ಉರ್ದು ಫಾಂಟ್ ಇಳಿಸಿಕೊಂಡ. ಬಳ್ಳಿ ಹಬ್ಬಿದಂಥ ಅಕ್ಷರ. ಬಲಗಡೆಯಿಂದ ಎತ್ತರದಲ್ಲಿ ಹುಟ್ಟಿ ಎಡಕ್ಕೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಮೌಲಾ ಸಾಬ್ ವಾಟ್ಸಾಪಿನಲ್ಲಿ ಕಳಿಸಿದ ಹೆಸರನ್ನು ಅದರಲ್ಲಿ ಅಂಟಿಸಿದ. ಮೇಲುಗೆರೆಯ ಗುಂಡಿ ಒತ್ತಿದ. ಗೆರೆ ಬಂತು. ಬಂದದ್ದು ಹೆಸರಿನ ಮೇಲಲ್ಲ, ಮೊದಲಕ್ಷರದ ಕುತ್ತಿಗೆಗೆ.

ಕಂಪ್ಯೂಟರಿನ ಈ ಗೆರೆಗೆ ಕಣ್ಣಿಲ್ಲ. ಕೆಳಗೆ ಯಾವ ಅಕ್ಷರವಿದೆ, ಎಷ್ಟೆತ್ತರ ಬೆಳೆದಿದೆ ಎಂದು ಅದು ನೋಡುವುದಿಲ್ಲ. ಫಾಂಟ್ ಮಾಡಿದವನು ಎಲ್ಲೋ ಕೂತು ಇಷ್ಟೆತ್ತರ ಎಂದು ಗುರುತು ಹಾಕಿಟ್ಟಿರುತ್ತಾನೆ, ಗೆರೆ ನೇರ ಅಲ್ಲಿಗೆ ಬಂದು ನಿಲ್ಲುತ್ತದೆ. ಅಕ್ಷರ ಅದನ್ನು ಮೀರಿ ಬೆಳೆದಿದ್ದರೆ ಕೊಯ್ದುಕೊಂಡು ಹೋಗುತ್ತದೆ. ಅಂಜನಕುಮಾರ ಗೆರೆಯನ್ನು ಮೇಲಕ್ಕೆತ್ತಿದ, ಸರಿ ಎನ್ನಿಸಿದ ಮೇಲೆ ಉಳಿಸಿ ಕಂಪ್ಯೂಟರ್ ಮುಚ್ಚಿದ. ಮರುದಿನ ತೆರೆದರೆ ಗೆರೆ ಮತ್ತೆ ಕುತ್ತಿಗೆಯ ಮೇಲಿತ್ತು. ಮತ್ತೆ ಎತ್ತಿದ. ಊಟ ಮಾಡಿ ಬರುವಷ್ಟರಲ್ಲಿ ಇಳಿದಿತ್ತು. ಒಂದೇ ಹೆಸರಿನ ಎರಡು ಫಾಂಟುಗಳನ್ನು ಅವನು ಇಳಿಸಿಕೊಂಡಿದ್ದ, ಅವು ಒಳಗೊಳಗೆ ಜಗಳವಾಡುತ್ತಿದ್ದವು ಎಂದು ತಿಳಿದವರು ಹೇಳಿಯಾರು. ಆ ಬೀದಿಯಲ್ಲಿ ತಿಳಿದವರು ಇರಲಿಲ್ಲ.

ಗೆರೆ ಕುತ್ತಿಗೆಯ ಮೇಲಿದ್ದ ಚಿತ್ರವೇ ಮೌಲಾ ಸಾಬನಿಗೆ ಹೋಯಿತು. ಅವನು ಫೋನ್ ಮಾಡಿ, "ಇದಕ್ಕೆ ಅಪ್ಪಾಜಿ ಒಪ್ಪಲ್ಲ ಅಣ್ಣಾರೆ," ಎಂದ. ದುಃಖದಲ್ಲಿರುವವರು ಹೀಗೆ ಮಾತಾಡುವುದುಂಟು ಎಂದುಕೊಂಡು ಅಂಜನಕುಮಾರ ಮತ್ತೆ ಗೆರೆ ಎತ್ತಲು ಕೂತ.

ಮರುದಿನ ಮಧ್ಯಾಹ್ನ. ಬಿಸಿಲಿಗೆ ಬೀದಿ ಬಿಕೋ ಎನ್ನುತ್ತಿತ್ತು. ಸ್ಟಿಕ್ಕರ್ ಕತ್ತರಿಸುವ ಯಂತ್ರ ಮೂಲೆಯಲ್ಲಿ ಒಬ್ಬಂಟಿಯಾಗಿ ಕಿರ್ ಎಂದು ಹಿಂದೆ ಮುಂದೆ ಓಡಾಡುತ್ತಿತ್ತು. ಯಂತ್ರ ನಿಂತಿತು. ನಿಂತ ಮೇಲೆ ಹುಟ್ಟಿದ ಆ ಮೌನದಲ್ಲಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟಿತು. ಅಂಜನಕುಮಾರ ತಿರುಗಿದ. ಬಿಳಿ ಗಡ್ಡ, ಬಿಳಿ ಟೋಪಿ, ಬಿಳಿ ಜುಬ್ಬದ ಮುದುಕರೊಬ್ಬರು ಕೂತಿದ್ದರು. ಬಂದ ಸದ್ದೇ ಆಗಿರಲಿಲ್ಲ.

"ನಾನು ಬುಡನ್ ಸಾಬ್," ಎಂದರು. "ಆ ಕಲ್ಲಿಂದು ಮಾಡ್ತಿದ್ದೀಯಲ್ಲ, ಅದು ನಂದೇ."

ಅಂಜನಕುಮಾರನ ಬಾಯಿಂದ ಹೊರಟದ್ದು ಅಂಗಡಿಯ ಅಭ್ಯಾಸದ ಮಾತು. "ನೀರು ಕುಡೀತೀರೇನ್ರಿ?"

"ಬ್ಯಾಡ ತಮ್ಮಾ. ನೀರು ಮುಟ್ಟಂಗಿಲ್ಲ."

ರಂಜಾನಿನಲ್ಲಿ ಜ್ವರ ಬಂದು ತಪ್ಪಿಹೋಗಿದ್ದ ಉಪವಾಸಗಳನ್ನು ಬುಡನ್ ಸಾಬರು ಈಗ ತೀರಿಸುತ್ತಿದ್ದರು. ರಂಜಾನ್ ಮುಗಿದು ಬಹಳ ದಿನವಾಗಿತ್ತಾದ್ದರಿಂದ ಅಂಜನಕುಮಾರನಿಗೆ ಅದು ಹೊಳೆಯುವ ಸಂಭವವಿರಲಿಲ್ಲ. ಅವನು ಮೆಲ್ಲಗೆ ಅವರ ಕಾಲು ನೋಡಿದ. ಬೆರಳಿಲ್ಲ, ಹಿಮ್ಮಡಿಯಿಲ್ಲ, ಕಪ್ಪಗೆ ನುಣ್ಣಗಿನ ಒಂದು ಆಕಾರ. ಅದು ಚರ್ಮದ ಕಾಲುಚೀಲ. ಹಿರಿಯರು ಹಾಕಿಕೊಳ್ಳುವುದುಂಟು. ಬೂಟನ್ನು ಅವರು ಸಭ್ಯತೆಯಿಂದ ಹೊರಗೆ ಬಿಟ್ಟು ಬಂದಿದ್ದರು.

"ತೋರ್ಸು," ಎಂದರು.

ಪರದೆಯ ಮೇಲೆ ಹೆಸರು ಮೂಡಿತು. ಮುದುಕರು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮದೇ ಕುತ್ತಿಗೆಯನ್ನು ಸವರಿಕೊಂಡರು.

"ಇಲ್ಲಿಗೆ ಬಂದೈತಲ್ಲಪ್ಪ ಗೆರೆ. ಕೊಯ್ದಂಗೈತೆ. ಎತ್ತು."

ಎತ್ತಿದ.

"ಇನ್ನೂ."

ಇನ್ನೂ ಎತ್ತಿದ.

"ಈಗ ಈ ಕಡೆ ಸರಿ ಹೋತು, ಆ ಕಡೆ ಹೆಸರು ಕೆಳಗೆಲ್ಲೋ ಬಿದ್ದೈತೆ. ಬಾವ್ಯಾಗೆ ಬಿದ್ದೋನಿಗೆ ಮ್ಯಾಲೆ ಹಗ್ಗ ತೋರ್ಸಿದಂಗಾತು. ನಮ್ಮಪ್ಪ ಎಳೆದ್ರೆ ಹೆಸರಿಗೆ ಸೂರು ಹೊದಿಸಿದಂಗಿರ್ತಿತ್ತು. ಹೆಸರು ಹೆಂಗೆ ಇಳೀತೈತೋ ಗೆರೆನೂ ಅದ್ರ ಜತಿಗೇ ಇಳೀಬೇಕು. ತಿಳೀತಾ?"

ತಿಳಿಯಲಿಲ್ಲ. ಮುದುಕರು ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಕಿಟಕಿಯ ಬಿಸಿಲು ಓರೆಯಾದದ್ದು ಕಂಡದ್ದೇ ಎದ್ದುಬಿಟ್ಟರು. "ಹೊತ್ತು ಮುಳುಗೋದ್ರಾಗೆ ನಾನು ಹರಿಹರ ಮುಟ್ಟಬೇಕು. ಮತ್ತೆ ಬರ್ತೀನಿ. ಸರಿ ಆಗೋತನಕ ಬರ್ತೀನಿ."

ಅಂಜನಕುಮಾರನ ಮನೆಯಲ್ಲಿ ಆಗ ಅವನ ಚಿಕ್ಕಮ್ಮ ದುರುಗಮ್ಮ ಇದ್ದರು. ಮಾಯಕೊಂಡದಿಂದ ಮಂಡಿನೋವು ತೋರಿಸಲು ಬಂದವರು. ಬಡಾವಣೆಯ ಡಾಕ್ಟರು ಮಂಡಿಯನ್ನಷ್ಟೇ ನೋಡುತ್ತಾರೆ, ತಮ್ಮ ಜ್ಞಾನವನ್ನು ಗಣಿಸುವುದಿಲ್ಲ ಎಂಬ ಕೊರಗು ಅವರಿಗಿತ್ತು. ಆ ಕೊರಗು ಅಂದು ನೀಗಿತು.

"ನೀರು ಮುಟ್ಟಲಿಲ್ಲ ಅಂದ್ಯಾ?"

"ಮುಟ್ಟಂಗಿಲ್ಲ ಅಂದ್ರು."

"ಕಾಲು?"

"ಕಾಲಿತ್ತು. ಆದ್ರೆ ಕಾಲಿನಂಗಿರ್ಲಿಲ್ಲ."

ದುರುಗಮ್ಮ ಮಂಡಿ ನೀವುವುದನ್ನು ನಿಲ್ಲಿಸಿದರು. "ನೋಡು ಅಂಜಿ, ಸತ್ತೋರಿಗೆ ನೀ ಸತ್ತೀಯ ಅಂತ ಹೇಳ್ಬಾರ್ದು. ಅವ್ರಿಗೆ ಗೊತ್ತಿರಲ್ಲ. ಹೇಳಿದ್ರೆ, ಹೇಳಿದೋನ ಮನ್ಯಾಗೇ ಕುಂತು ಅಳ್ತಾರೆ, ಎಬ್ಬಿಸಕ್ಕಾಗಲ್ಲ. ಮುಖ ನೋಡ್ಬಾರ್ದು. ಮೈ ಮುಟ್ಟಿಸ್ಕೋಬಾರ್ದು. ಏನು ಕೇಳ್ತಾರೋ ಮಾಡಿ ಕಳಿಸ್ಬೇಕು. ನಮ್ಮತ್ತಿ ತೀರ್ಕಂಡ ಮ್ಯಾಲೆ ಉಪ್ಪಿನಕಾಯಿ ಜಾಡಿ ಎಲ್ಲಿ ಅಂತ ಕೇಳ್ಕಂಡು ಬರ್ತಿದ್ಲು."

"ಜಾಡಿ ಎಲ್ಲಿತ್ತು ಚಿಕ್ಕಮ್ಮ?"

"ನಾನೇ ಮಾರಿದ್ದೆ," ಎಂದು ದುರುಗಮ್ಮ ಆ ವಿಷಯವನ್ನು ಅಲ್ಲಿಗೇ ಮುಗಿಸಿದರು.

ಎದುರಿನ ಮೆಡಿಕಲ್ ಸ್ಟೋರಿನ ರಾಮಚಂದ್ರಪ್ಪ ವೈಜ್ಞಾನಿಕ ಮನೋಭಾವದವರು. ಮಾತ್ರೆಯ ಹಿಂದಿನ ಸಣ್ಣಕ್ಷರ ಓದಿ ಓದಿ ಅವರಿಗೆ ಅದು ಬಂದಿತ್ತು. "ದೆವ್ವ ಗಿವ್ವ ಸುಳ್ಳು ಕಣ್ರಿ. ನಂದು ಕ್ಯಾಮೆರಾ ಐತಲ್ಲ, ನಿಮ್ಮಂಗಡಿ ಬಾಗಿಲಿಗೇ ಮುಖ ಮಾಡೈತೆ, ನೋಡೇ ಬಿಡಾಣ," ಎಂದು ಮೊಬೈಲ್ ತೆಗೆದರು. ಬೀದಿಯ ಆರೇಳು ಮಂದಿ ಅವರ ಭುಜದ ಮೇಲೆ ಮುಖವಿಟ್ಟು ನೋಡಿದರು. ಮುದುಕರು ಎರಡನೆಯ ಸಲ ಬಂದುಹೋದ ಮಧ್ಯಾಹ್ನದ ಚಿತ್ರ ಅದು. ಅದರಲ್ಲಿ ಅಂಜನಕುಮಾರನಿದ್ದ. ಕೈ ಮುಗಿಯುತ್ತಿದ್ದ, ತಲೆಯಾಡಿಸುತ್ತಿದ್ದ, ನೆಲ ನೋಡಿಕೊಂಡು ಏನೋ ಒಪ್ಪಿಕೊಳ್ಳುತ್ತಿದ್ದ. ಅವನೆದುರು ಯಾರೂ ಇರಲಿಲ್ಲ. ಒಮ್ಮೆ ಮಾತ್ರ, ಯಾರೂ ಇಲ್ಲದ ಆ ಕಡೆಯಿಂದ, ಒಂದು ಬೆರಳಿನ ನೆರಳು ಗೋಡೆಯ ಮೇಲೆ ಉದ್ದಕ್ಕೆ ಚಾಚಿ ಮಾಯವಾಯಿತು.

ನಿಲ್ಲಿಸಿಟ್ಟ ಫ್ಲೆಕ್ಸ್ ಸುರುಳಿಗಳು ಕುರ್ಚಿಗೆ ಅಡ್ಡ ಬರುತ್ತಿದ್ದವು. ಕ್ಯಾಮೆರಾ ಎಂಬುದು ಅಡ್ಡ ಬಂದದ್ದರ ಆಚೆಗಿರುವುದನ್ನು ತೋರಿಸುವುದಿಲ್ಲ. ಅದು ಯಾರಿಗೂ ಬೇಕಾಗಲೂ ಇಲ್ಲ, ಚಿತ್ರವನ್ನು ಹಿಂದಕ್ಕೋಡಿಸಿ ಮುದುಕರು ಬಾಗಿಲು ಹೊಕ್ಕದ್ದನ್ನು ಯಾರೂ ನೋಡಲೂ ಇಲ್ಲ. ರಾಮಚಂದ್ರಪ್ಪ ಮೊಬೈಲನ್ನು ಜೇಬಿಗೆ ಹಾಕಿ, "ವಿಜ್ಞಾನಕ್ಕೂ ಒಂದು ಮಿತಿ ಐತ್ರಿ," ಎಂದು ಅಂಗಡಿ ಬಾಗಿಲೆಳೆದುಕೊಂಡು ಮನೆಗೆ ಹೋದರು.

ಆಮೇಲೆ ಬುಡನ್ ಸಾಬರು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಷಟರುಗಳು ಒಂದೊಂದಾಗಿ ಅರ್ಧಕ್ಕೆ ಇಳಿಯತೊಡಗಿದವು. ಅವರು ಅತ್ತಿತ್ತ ನೋಡಿ, ದಾವಣಗೆರೆಯಲ್ಲಿ ವ್ಯಾಪಾರ ಬಿದ್ದುಹೋಗಿದೆ ಎಂದು ನೊಂದುಕೊಂಡು ಬರುತ್ತಿದ್ದರು. ಅಂಜನಕುಮಾರ ಮುಖ ನೋಡದೆ ಕೆಲಸ ಮಾಡುತ್ತಿದ್ದ. ಎಷ್ಟು ತಿದ್ದಿದರೂ ಗೆರೆ ಕೂರುತ್ತಿರಲಿಲ್ಲ. ಕೂತರೆ ಮರುದಿನ ನಿಲ್ಲುತ್ತಿರಲಿಲ್ಲ. "ಮಳಿ ಬರಾಕ್ ಹತ್ತೈತೆ ತಮ್ಮಾ, ಎಷ್ಟು ದಿನ ಅಂತ ಹೊರಗೆ ಮಲಗ್ಲಿ," ಎಂದು ಅವರು ಒಮ್ಮೆ ಹೇಳಿದಾಗ ಅಂಜನಕುಮಾರನ ಬೆನ್ನ ಕೂದಲು ಎದ್ದು ನಿಂತವು. ಕರುಣೆಯೂ ಬಂತು. ಸತ್ತ ಮನುಷ್ಯನಿಗೆ ಮಳೆಯಲ್ಲಿ ನೆನೆಯುವ ಗತಿ ಬರಬಾರದು ಎಂದು ಅವನಿಗೆ ನಿಜಕ್ಕೂ ಅನ್ನಿಸಿತು.

ಇದರ ನಡುವೆ ಪಾಲಿಕೆಯಿಂದ ಮಾಲತೇಶಪ್ಪ ಬಂದರು. ಫ್ಲೆಕ್ಸ್ ನಿಷೇಧ ಜಾರಿಯಲ್ಲಿದೆಯೇ ಎಂದು ನೋಡಲು ಬರುವ ಅಧಿಕಾರಿ. ಜಾರಿಯಲ್ಲಿದೆ ಎಂದು ಪ್ರತಿಸಲವೂ ಕಂಡು ಹೋಗುತ್ತಿದ್ದರು. ಬಂದವರೇ ಕುರ್ಚಿಯಲ್ಲಿ ಕೂತರು.

"ಸಾರ್, ಅಲ್ಲಿ ಕೂಡ್ಬ್ಯಾಡ್ರಿ," ಎಂದ ಅಂಜನಕುಮಾರ. "ಅದು ತೀರಿಕೊಂಡೋರೊಬ್ರು ಕೂಡೋ ಜಾಗ."

ಮಾಲತೇಶಪ್ಪ ಎದ್ದರು. ಪ್ಯಾಂಟಿನ ಹಿಂಭಾಗ ಕೊಡವಿಕೊಂಡರು. "ದಿನಾ ಬರ್ತಾರೇನು?"

"ಗೆರೆ ಸರಿ ಆಗೋತನಕ ಬರ್ತಾರಂತೆ."

"ಯಾವ ವಾರ್ಡಿನೋರು?"

"ಹರಿಹರದೋರು ಸಾರ್."

ಅಧಿಕಾರಿಯ ಮುಖ ತಿಳಿಯಾಯಿತು. "ಅಲ್ರಿ, ಮೊದ್ಲೇ ಹೇಳ್ಬಾರ್ದೇನು! ಅದು ನಮ್ಮ ವ್ಯಾಪ್ತಿಗೇ ಬರಲ್ಲ. ಹರಿಹರ ನಗರಸಭೆಗೆ ಹೇಳ್ಕಳ್ರಿ," ಎಂದು ಬೈಕ್ ಹತ್ತಿದರು. ಹತ್ತಿದ ಮೇಲೆ ಅಲ್ಲಿಂದಲೇ ಕೂಗಿದರು: "ಆದ್ರೂ ಗೆರೆ ಬೇಗ ಸರಿ ಮಾಡಿ ಕೊಡ್ರಿ ಪಾಪ!"

ಗುರುವಾರ ಬಂತು. ಬೆಳಗಿನಿಂದ ಮೋಡ ಕವಿದಿತ್ತು. ಮಧ್ಯಾಹ್ನ ಕರೆಂಟ್ ಹೋಗಿ ಬೀದಿಯ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ಯು.ಪಿ.ಎಸ್. ಒಂದೇ ಸಮನೆ ಕೀಕೀ ಎನ್ನುತ್ತಿತ್ತು. ಅಂಗಡಿಯೊಳಗಿನ ಬೆಳಕೆಂದರೆ ಪರದೆಯದು ಮಾತ್ರ. ಪರದೆಯ ಮೇಲೆ ಬುಡನ್ ಸಾಬರ ಹೆಸರು, ಅದರ ಕುತ್ತಿಗೆಯ ಮೇಲೆ ಮತ್ತೆ ಬಂದು ಕೂತಿದ್ದ ಗೆರೆ.

ಅಂಜನಕುಮಾರನಿಗೆ ಸಾಕಾಗಿತ್ತು. ಮೌಸ್ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

ಕುರ್ಚಿ ಕಿರುಗುಟ್ಟಲಿಲ್ಲ. ಯಾರೋ ಹಿಂದೆ ನಿಂತಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ವಾಸನೆಯಿಂದ. ಒದ್ದೆ ಹಲಗೆಯ, ದೀಪದ ಕಾಡಿಗೆಯ ವಾಸನೆ. ಕಣ್ಣು ತೆರೆದ. ಬಿಳಿ ತೋಳು ಅವನ ಭುಜದ ಮೇಲಿನಿಂದ ಬಗ್ಗಿ ಬಂತು. ಮುಖ ನೋಡಬಾರದು ಎಂಬುದು ನೆನಪಿತ್ತು, ನೋಡಲಿಲ್ಲ. ಮುಟ್ಟಿಸಿಕೊಳ್ಳಬಾರದು ಎಂಬುದೂ ನೆನಪಿತ್ತು, ಆದರೆ ಅಷ್ಟರಲ್ಲಿ ಮುದಿ ಕೈ ಅವನ ಕೈಯ ಮೇಲೆ ಕೂತಾಗಿತ್ತು. ತಣ್ಣಗಿತ್ತು. ಬೆರಳುಗಳ ತುದಿ ಕರ್ರಗಿತ್ತು.

ಆ ಕೈ ಮೊದಲು ಹಳೆಯ ಗೆರೆಯನ್ನು ಅಳಿಸಿತು. ಹೆಸರು ಬೋಳಾಗಿ ನಿಂತಿತು. ಕೈ ಸ್ವಲ್ಪ ಹೊತ್ತು ಅಲುಗಾಡದೆ ಕಾಯಿತು, ಏನೋ ಒಣಗಲಿ ಎಂದು ಕಾಯುವವರ ಹಾಗೆ. ಆಮೇಲೆ ಬಲತುದಿಯಿಂದ ಶುರುವಾಗಿ ಉಸಿರು ಕಟ್ಟಿಕೊಂಡು ಎಳೆದಂತೆ ಒಂದೇ ಎಳೆತ. ಗೆರೆ ಮೊದಲಕ್ಷರದ ತಲೆಯನ್ನು ಮುಟ್ಟಿಯೂ ಮುಟ್ಟದಂತೆ ಬಳಸಿ, ಅಕ್ಷರಗಳ ಜೊತೆಜೊತೆಗೇ ಮೆಟ್ಟಿಲಿಳಿದು, ಕೊನೆಗೆ ಕೂದಲಷ್ಟು ತೆಳ್ಳಗಾಗಿ ಮುಗಿಯಿತು. ಅಂಥ ಗೆರೆ ಎಳೆಯಲು ಆ ಕಂಪ್ಯೂಟರಿಗೆ ಬರುತ್ತಿರಲಿಲ್ಲ. ಅಂಜನಕುಮಾರನಿಗಂತೂ ಬರುತ್ತಿರಲಿಲ್ಲ.

ಕರೆಂಟ್ ಬಂತು. ಹಿಂದೆ ಯಾರೂ ಇರಲಿಲ್ಲ. ಬಾಗಿಲಾಚೆ ರಾಮಚಂದ್ರಪ್ಪನವರ ಷಟರ್ ಪೂರ್ತಿ ಮೇಲೇ ಇತ್ತು. ಅಂದು ಯಾರು ಬಂದದ್ದನ್ನೂ ಅವರು ಕಂಡಿರಲಿಲ್ಲ.

ಅಂಜನಕುಮಾರ ಜ್ವರದಲ್ಲಿ ಮಲಗಿದ. ಆದರೆ ಗೆರೆ ಈ ಸಲ ಇಳಿಯಲಿಲ್ಲ. ತೆರೆದು ಮುಚ್ಚಿದರೂ ಇಳಿಯಲಿಲ್ಲ. ಅನುಮಾನಕ್ಕೆ ಫಾಂಟ್ ಬದಲಾಯಿಸಿ ನೋಡಿದ. ಅಕ್ಷರ ಬದಲಾಯಿತು, ಗೆರೆ ತಾನೇ ಸರಿದು ಹೊಸ ಅಕ್ಷರಗಳ ತಲೆ ಕಾದು ನಿಂತಿತು. ಅವನು ಗಾಬರಿಯಿಂದ ಹಳೆಯ ಫಾಂಟಿಗೇ ಮರಳಿಸಿ, ಸ್ಟಿಕ್ಕರ್ ಕತ್ತರಿಸಿ, ಮರಳು ಊದಿ ಕೆತ್ತುವವರಿಗೆ ಕೊಟ್ಟ. ಕಲ್ಲು ಸಿದ್ಧವಾಯಿತು.

"ಅಂಗಡ್ಯಾಗೆ ಇಟ್ಕಂಡ್ರೆ ಮತ್ತೆ ಬರ್ತಾನೆ," ಎಂದರು ದುರುಗಮ್ಮ. "ಅವನ ಜಾಗಕ್ಕೆ ನಾವೇ ಮುಟ್ಟಿಸಿ ಬರಾಣ. ನಾನೂ ಬರ್ತೀನಿ. ನಿನಗೆ ಏನು ಮಾತಾಡ್ಬೇಕು ಗೊತ್ತಾಗಲ್ಲ."

ಅಂಜನಕುಮಾರ ಮೌಲಾ ಸಾಬನಿಗೆ ಫೋನ್ ಮಾಡಿ ಕಲ್ಲು ತರುತ್ತಿದ್ದೇವೆ ಎಂದ. "ಬರ್ರಿ ಬರ್ರಿ, ಅಪ್ಪಾಜಿ ಕಾಯ್ತಾ ಕುಂತಾರೆ," ಎಂದ ಮೌಲಾ ಸಾಬ್. ಅಂಜನಕುಮಾರ ವಿಳಾಸ ಕೇಳುವಷ್ಟು ಹೊತ್ತೂ ಫೋನ್ ಹಿಡಿದಿರಲಿಲ್ಲ. ವಿಳಾಸ ತನಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ. ಹೀಗೆ ಕಲ್ಲು, ಅಂಜನಕುಮಾರ, ದುರುಗಮ್ಮ ಮತ್ತು ವಿಜ್ಞಾನದ ಮಿತಿಯನ್ನು ಕಣ್ಣಾರೆ ಕಾಣಲು ಹೊರಟ ರಾಮಚಂದ್ರಪ್ಪ ಒಂದು ಲಗೇಜ್ ಆಟೋದಲ್ಲಿ ಹರಿಹರದ ಖಬರಸ್ತಾನಕ್ಕೆ ಹೋಗಿ ಇಳಿದರು.

ಗೇಟಿನಲ್ಲಿದ್ದ ಕಾವಲಿನವರು ಕಲ್ಲಿನ ಮೇಲಿನ ಹೆಸರು ಓದಿದರು. "ಬುಡನ್ ಸಾಬ್? ಯಾವ ಬುಡನ್ ಸಾಬ್?"

"ಮೌಲಾ ಸಾಬರ ತಂದೆ."

"ಅವ್ರು ಇಲ್ಲಿಗೆ ಬಂದಿಲ್ಲಲ್ರಿ."

"ನಮ್ಮಂಗಡಿಗೆ ಬರ್ತಿದ್ರಲ್ರಿ," ಎಂದ ಅಂಜನಕುಮಾರ, ಕಲ್ಲಿಗೆ ಕೈ ತೋರಿಸುತ್ತ. "ಹೊತ್ತು ಮುಳುಗೋದ್ರಾಗೆ ಹರಿಹರ ಮುಟ್ಟಬೇಕು ಅಂತ ಏಳ್ತಿದ್ರು. ಇಲ್ಲಿಗೆ ಬರ್ದೆ ಮತ್ತೆಲ್ಲಿಗೆ ಹೋಗ್ತಾರೆ?"

ಕಾವಲಿನವರು ಇವರನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿ ಫೋನ್ ತೆಗೆದರು. ಅವರು ಹೇಳಿದ್ದು ಇಷ್ಟೇ: ಬುಡನ್ ಸಾಬರ ಕಲ್ಲು ಖಬರಸ್ತಾನಕ್ಕೆ 'ಬಂದೈತೆ.' ಆ ಮಾತು ಬೀದಿ ಬೀದಿ ಹಾಯುತ್ತ ಕಲ್ಲಿನ ಭಾಗವನ್ನು ಹಿಂದೆಯೇ ಬಿಟ್ಟು ಓಡಿತು. ಮಲೆಬೆನ್ನೂರಿನಿಂದ ಬುಡನ್ ಸಾಬರ ತಂಗಿ ಟ್ರ್ಯಾಕ್ಟರಿನಲ್ಲಿ ಅಳುತ್ತ ಬಂದರು, ಅವರ ಹಿಂದೆ ಇನ್ನೊಂದು ಟ್ರ್ಯಾಕ್ಟರ್. ಸುಗ್ರಾಬಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು, ಮೌಲಾ ಸಾಬ್ ಬಂದ. ಗೇಟಿನ ಬಳಿ ಜನವೋ ಜನ. ಕೊನೆಗೆ, ಯಾರು ತೀರಿಕೊಂಡರು ಎಂದು ನೋಡಲು, ಬುಡನ್ ಸಾಬರೂ ಬಂದರು.

ಅಳು ಗಕ್ಕನೆ ನಿಂತಿತು. ದುರುಗಮ್ಮ ಒಬ್ಬರೇ ಧೈರ್ಯವಾಗಿ ಮುಂದೆ ಹೋಗಿ ಕೈ ಮುಗಿದರು. "ಕಲ್ಲು ತಂದೀವಪ್ಪ. ಗೆರೆನೂ ಸರಿ ಐತೆ. ಇನ್ನ ಅಲ್ಲಿ ಇಲ್ಲಿ ಅಲೀಬ್ಯಾಡ, ಒಳಗೆ ಹೋಗಿ ತಣ್ಣಗೆ ಮಲಕ್ಕ."

"ಏನು ಮಾತಂತ ಆಡ್ತೀಯವ್ವಾ!" ಸುಗ್ರಾಬಿಯ ಸೌಟು ಮೇಲೆದ್ದಿತು. "ನನ್ ಗಂಡ ಬೆಳಗ್ಗೆ ನಾಕು ರೊಟ್ಟಿ ತಿಂದಾನೆ!"

ನಾಲ್ಕು ರೊಟ್ಟಿಯ ಸಾಕ್ಷ್ಯದ ಮುಂದೆ ಎಲ್ಲವೂ ಒಂದೊಂದಾಗಿ ಬಯಲಾಯಿತು. ಉಪವಾಸ, ಕಾಲುಚೀಲ, ಬೇವಿನ ಮರ, ಹೊಸ ಮನೆ. ಟ್ರ್ಯಾಕ್ಟರಿನಲ್ಲಿ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಮಚಂದ್ರಪ್ಪ, "ನಾನು ಮೊದ್ಲೇ ಹೇಳಿದ್ದೆ ದೆವ್ವ ಇಲ್ಲ ಅಂತ," ಎಂದು ಜನರ ಕಡೆ ತಿರುಗಿ ನಿಂತರು. ಅಂಜನಕುಮಾರನ ಕತ್ತು ಎಷ್ಟೋ ವರ್ಷಗಳ ನಂತರ ನೆಟ್ಟಗಾಯಿತು.

ನಗದವರು ಇಬ್ಬರು. ಸುಗ್ರಾಬಿ, "ಖಬರಸ್ತಾನ ನೋಡಿ ಬಂದ ಕಲ್ಲು ನನ್ ಬಾಗಿಲಿಗೆ ಬ್ಯಾಡ. ಬ್ಯಾರೆ ಮಾಡಿಸ್ರಿ. ಅಲ್ಲಿತನಕ ಮರದ ಕೆಳಗೇ ಇರ್ಲಿ ಅವ್ರು," ಎಂದು ಹಟ ಹಿಡಿದಿದ್ದರು. ಇನ್ನೊಬ್ಬರು ಬುಡನ್ ಸಾಬ್. ಅವರು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಬಲದಿಂದ ಎಡಕ್ಕೆ, ಮತ್ತೆ ಬಲದಿಂದ ಎಡಕ್ಕೆ.

"ಇದನ್ನ ಯಾರು ಎಳೆದ್ರು ತಮ್ಮಾ?"

"ಚೆನ್ನಾಗಿ ಕೇಳ್ತೀರಲ್ಲ ಅಜ್ಜಾರೆ, ನೀವೇ ಎಳೆದ್ರಿ. ಗುರುವಾರ ಬಂದು ನನ್ ಕೈ ಹಿಡ್ಕಂಡು ಎಳೆಸಿದ್ರಿ. ನಾನು ಹೆದ್ರಿ ಸಾಯೋದೊಂದು ಬಾಕಿ!"

ಜನ ಮತ್ತೆ ನಕ್ಕರು. ಮೌಲಾ ಸಾಬ್ ನಗಲಿಲ್ಲ.

"ಗುರುವಾರ ಅಪ್ಪಾಜಿ ಮಲೆಬೆನ್ನೂರಿನಾಗಿದ್ರು," ಎಂದ. "ನಾನೇ ಕರ್ಕಂಡು ಹೋಗಿದ್ದೆ."

"ಬೆಳಗ್ಗೆಯಿಂದ ನಮ್ಮನ್ಯಾಗೇ ಇದ್ದ," ಎಂದರು ಈಗಷ್ಟೇ ಅಳು ನಿಲ್ಲಿಸಿದ್ದ ತಂಗಿ. "ಹೊತ್ತು ಮುಳುಗಿದ ಮ್ಯಾಲೆ ನಾನೇ ಖರ್ಜೂರ ಕೊಟ್ಟೆ."

ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಆರುತ್ತ ಹೋಯಿತು. ಗೇಟಿನ ಸರಪಳಿ ಗಾಳಿಗೆ ಒಮ್ಮೆ ಸದ್ದು ಮಾಡಿತು. ಬುಡನ್ ಸಾಬರು ತಲೆಯೆತ್ತದೆ ಕೇಳಿದರು.

"ಕೈ ಹೆಂಗಿತ್ತು?"

"ತಣ್ಣಗಿತ್ತು." ಅಂಜನಕುಮಾರನ ದನಿ ಇಳಿದಿತ್ತು. "ಬೆರಳಿನ ತುದಿ ಕರ್ರಗೆ. ಮಣ್ಣು ಅಂದ್ಕಂಡಿದ್ದೆ."

"ಮಣ್ಣಲ್ಲ, ಮಸಿ. ನಮ್ಮಪ್ಪ ಎಷ್ಟು ತೊಳ್ಕಂಡ್ರೂ ಹೋಗ್ತಿರ್ಲಿಲ್ಲ." ಬುಡನ್ ಸಾಬರ ಬೆರಳು ಗೆರೆಯ ತೆಳ್ಳನೆಯ ತುದಿಯಲ್ಲಿ ನಿಂತಿತು. "ಏನಾದ್ರೂ ಅಂದ್ರಾ?"

"ಇಲ್ಲ."

"ಅನ್ನಲ್ಲ," ಎಂದರು ಬುಡನ್ ಸಾಬ್, ಪಕ್ಕದ ಬೀದಿಯಲ್ಲಿರುವ ಯಾರದೋ ಸ್ವಭಾವ ಹೇಳುವವರ ಹಾಗೆ. "ಕೆಲಸದಾಗೆ ಮಾತಾಡೋ ಮನುಷ್ಯ ಅಲ್ಲ."

ಮೊದಲು ಅಲುಗಾಡಿದವರು ಸುಗ್ರಾಬಿ. ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಗನಿಗೆ ಹೇಳಿದರು: "ನಿಂತು ಏನು ನೋಡ್ತೀಯ? ಎತ್ತು ಕಲ್ಲು. ಹುಷಾರು, ಮೂಲೆ ತಗಲೀತು."

ಕಲ್ಲು ಅಂದೇ ಬಾಗಿಲ ಮೇಲೆ ಕೂತಿತು. ಬಿಸಿಲು ಇಳಿಯುತ್ತಿತ್ತು. ಗೆರೆ ಹೆಸರಿಗೆ ಸೂರು ಹೊದಿಸಿದಂತಿತ್ತು. ಬೇವಿನ ಮರದ ಕೆಳಗಿನ ಮಂಚವನ್ನು ಯಾರೋ ಆಗಲೇ ಎತ್ತಿ ನಿಲ್ಲಿಸಿದ್ದರು. ಬುಡನ್ ಸಾಬರು ಬೂಟು ಬಿಚ್ಚಿ, ಒಮ್ಮೆ ಮೇಲೆ ನೋಡಿ, ತಲೆ ತಗ್ಗಿಸಿ ಹೊಸಿಲು ದಾಟಿದರು. ಹಿಂದೆ ಸುಗ್ರಾಬಿ, ಮೌಲಾ ಸಾಬ್, ತಂಗಿ. ಆಮೇಲೆ ಅಂಜನಕುಮಾರ, ಬಾಗಿಲ ಬಳಿ ತಡವರಿಸಿ. ವಿಜ್ಞಾನದ ರಾಮಚಂದ್ರಪ್ಪನವರು ಹೊರಗೇ ನಿಲ್ಲುವುದೋ ಎಂದು ನೋಡಿ, ಒಬ್ಬರೇ ನಿಲ್ಲುವುದು ಬೇಡವೆನ್ನಿಸಿ, ಒಳಗೆ ಹೋದರು. ಬಾಗಿಲು ಆನೆ ಹಾಯುವಷ್ಟು ಎತ್ತರವಿತ್ತು. ಆದರೂ ಒಬ್ಬೊಬ್ಬರೂ ತಲೆ ತಗ್ಗಿಸಿದರು. ಕೊನೆಯವರಾಗಿ ದುರುಗಮ್ಮ ಬಂದರು. ಅವರ ತಲೆ ಬಾಗಿಲ ಚಿಲಕಕ್ಕೂ ಮುಟ್ಟುವುದಿಲ್ಲ. ಅವರೂ ನೋಯುವ ಮಂಡಿ ಹಿಡಿದುಕೊಂಡು, ಇನ್ನಷ್ಟು ಬಗ್ಗಿ ಒಳಗೆ ಹೋದರು.